ಹೆಸರಿಲ್ಲದ ಕರು

ಕುದುರೆಮುಖದ ತಪ್ಪಲಿನ ಸಂಸೆಯಂಥ ಊರುಗಳಲ್ಲಿ ದನಗಳನ್ನು ಗುಡ್ಡಕ್ಕೆ ಬಿಟ್ಟು ಮೇಯಿಸುವುದು ಹಿಂದಿನಿಂದ ಬಂದ ರೂಢಿ. ಬೆಳಿಗ್ಗೆ ಹಾಲು ಕರೆದು ಅಟ್ಟಿದರೆ ಮಲೆನಾಡು ಗಿಡ್ಡ ತಳಿಯ ಹಸುಗಳು ತೋಟದಂಚು, ಹುಲ್ಲುಗುಡ್ಡ, ಕಾಡಿನ ಬದಿಯನ್ನೆಲ್ಲ ಸುತ್ತಿ, ಹೊತ್ತಿಳಿಯುವಾಗ ತಾವಾಗಿಯೇ ಮನೆ ಸೇರುತ್ತವೆ. ಎಲ್ಲ ಬಂದು ಒಂದು ಮಾತ್ರ ಬಾರದಿದ್ದರೆ ಮನೆಯವರಿಗಿಂತ ಮೊದಲು ಕೂಗಿಡುವುದು ಕೊಟ್ಟಿಗೆಯ ಮೂಲೆಯಲ್ಲಿ ಕಟ್ಟಿದ ಅದರ ಕರು. ಹಾದಿ ತಪ್ಪಿತೋ, ಹುಲಿ ಹಿಡಿಯಿತೋ ಎಂಬ ಆತಂಕ ಈ ಸೀಮೆಯ ಹಿರಿಯರಿಗೆ ಕೇಳಿದ ಕಥೆಯಲ್ಲ, ಕಂಡುಂಡ ಬದುಕು.

ಅದೇ ಆತಂಕವನ್ನು ಕನ್ನಡದ ಮಕ್ಕಳೆಲ್ಲರಿಗೂ ಕಲಿಸಿದ್ದು ‘ಗೋವಿನ ಹಾಡು’. ಬಾಯಿಂದ ಬಾಯಿಗೆ ಬಂದು, ಶಾಲೆಯ ಪಠ್ಯಪುಸ್ತಕ ಸೇರಿ, ತಲೆಮಾರುಗಳನ್ನು ಅಳಿಸಿದ ಹಾಡು ಅದು. ಗೊಲ್ಲ ಕಾಳಿಂಗ, ಹಸಿದ ಹುಲಿ ಅರ್ಬುತ, ಕೊಟ್ಟ ಮಾತಿಗೆ ತಪ್ಪದ ಪುಣ್ಯಕೋಟಿ ಯಾರಿಗೆ ತಿಳಿಯದು? ಗಂಗೆ, ಗೌರಿ, ತುಂಗಭದ್ರೆ ಎಂದು ಮಂದೆಯ ಹಸುಗಳಿಗೂ ಚೆಲುವಾದ ಹೆಸರುಗಳಿವೆ. ಈ ದೊಡ್ಡ ಸಂಸಾರದಲ್ಲಿ ಹೆಸರಿಲ್ಲದೆ ಉಳಿದದ್ದು ಎಲ್ಲರಿಗಿಂತ ಕಿರಿದಾದ, ಯಾರಿಗೂ ಕೇಡೆಣಿಸದ ಆ ಕರು ಮಾತ್ರ. ಹಾಡನ್ನು ಕುರಿತು ಬರೆದವರು ಹಸುವಿನ ಸತ್ಯವನ್ನೂ ಹುಲಿಯ ಪಶ್ಚಾತ್ತಾಪವನ್ನೂ ಸಾಕಷ್ಟು ಕೊಂಡಾಡಿದ್ದಾರೆ. ಆದರೆ ಕರುವನ್ನು ತೆಗೆದುಬಿಟ್ಟರೆ ಕಥೆಯೇ ನಿಲ್ಲುವುದಿಲ್ಲ. ಹುಲಿಯ ಮುಂದೆ ನಿಂತ ಹಸು ಬೇಡುವುದು ತನ್ನ ಜೀವವನ್ನಲ್ಲ, ಕರುವಿಗೆ ಹಾಲೂಡಿಸಿ ಬರುವಷ್ಟು ಹೊತ್ತನ್ನು.

ಕೊಟ್ಟಿಗೆ ಬಲ್ಲವರಿಗೆ ಈ ಬೇಡಿಕೆಯ ತೂಕ ಬೇಗ ತಿಳಿಯುತ್ತದೆ. ನಾಟಿ ಹಸು ಕರು ಬಾಯಿ ಹಾಕದೆ ಸುಲಭವಾಗಿ ಹಾಲಿಳಿಸುವುದಿಲ್ಲ. ಮೊದಲು ಕರುವನ್ನು ಬಿಟ್ಟು, ಕೆಚ್ಚಲು ತುಂಬಿದ ಮೇಲೆ ಅದನ್ನು ಎಳೆದು ಕಟ್ಟಿ ಹಾಲು ಕರೆಯುವುದು ವಾಡಿಕೆ. ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದಿಡುತ್ತಿದ್ದುದೂ ಇದಕ್ಕಾಗಿಯೇ. ತಾಯಿ ಸತ್ತರೆ? ಆಗ ಕರುವಿನ ಪಾಡು ಇನ್ನೂ ಕಷ್ಟ. ಹಸು ತನ್ನ ಕರುವನ್ನು ವಾಸನೆಯಿಂದ ಗುರುತಿಸುತ್ತದೆ. ಬೇರೆಯದು ಕೆಚ್ಚಲಿಗೆ ಬಂದರೆ ಸಾಮಾನ್ಯವಾಗಿ ಒದೆಯುತ್ತದೆ, ಇಲ್ಲವೆ ಕೊಂಬಿನಿಂದ ತಳ್ಳುತ್ತದೆ. ದೊಡ್ಡಿಗೆ ಮರಳಿದ ಪುಣ್ಯಕೋಟಿ ಒಡಹುಟ್ಟಿದಂಥ ಹಸುಗಳಲ್ಲಿ ಕೇಳಿಕೊಳ್ಳುವುದು ಇದನ್ನೇ. ಕರು ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ನಿಮ್ಮ ಮಕ್ಕಳಂತೆ ನೋಡಿಕೊಳ್ಳಿ ಎಂದು. ಓದಿದವರಿಗೆ ಅದು ಕರುಣೆಯ ಮಾತು. ದನ ಕಾಯ್ದವರಿಗೆ ಅದು ನಾಳೆ ಬೆಳಿಗ್ಗೆಯೇ ನಡೆಯಬಹುದಾದ ಸಂಗತಿ. ಹಾಡು ಕಟ್ಟಿದವರು ಪುರಾಣ ಬಲ್ಲವರೋ ಅಲ್ಲವೋ, ಕೊಟ್ಟಿಗೆಯನ್ನಂತೂ ಚೆನ್ನಾಗಿ ಬಲ್ಲವರು.

ಕಥೆಯ ಬೇರು ಹಳೆಯದು. ಪದ್ಮಪುರಾಣದ ಸೃಷ್ಟಿಖಂಡದಲ್ಲಿ ನಂದಾ ಎಂಬ ಹಸುವೂ ಒಂದು ಹುಲಿಯೂ ಎದುರಾಗುತ್ತವೆ. ಅಲ್ಲಿನ ಹುಲಿ ಮೊದಲು ಪ್ರಭಂಜನನೆಂಬ ರಾಜ. ಮರಿಗೆ ಹಾಲೂಡಿಸುತ್ತಿದ್ದ ಜಿಂಕೆಗೆ ಬಾಣ ಬಿಟ್ಟು, ಅದರ ಶಾಪದಿಂದ ಹುಲಿಯಾದವನು. ಮರಿಯಿಂದ ತಾಯಿಯನ್ನು ಅಗಲಿಸಿದ ಪಾಪ, ಕರುವಿಗಾಗಿ ಬೇಡಿದ ಇನ್ನೊಬ್ಬ ತಾಯಿಯ ಎದುರಿನಲ್ಲಿ ಕಳೆಯುತ್ತದೆ. ಗುಜರಾತಿನಲ್ಲಿ ಇದೇ ಬಗೆಯ ಕಥೆಯ ಹಸುವಿಗೆ ಬಹುಲಾ ಎಂದು ಹೆಸರು. ಬೋಳ್ ಚೋಥ್ ವ್ರತದ ದಿನ ಅಲ್ಲಿನ ಹೆಂಗಸರು ಹಸುವನ್ನೂ ಕರುವನ್ನೂ ಪೂಜಿಸಿ, ಹಸುವಿನ ಹಾಲನ್ನು ಮುಟ್ಟುವುದಿಲ್ಲ. ಅಂದಿನ ಹಾಲು ಕರುವಿನದು.

ಪುರಾಣದ ಹುಲಿಗೆ ಶಾಪವಿಮೋಚನೆಯಾಯಿತು. ಕನ್ನಡದ ಹುಲಿಗೆ ಅಂಥ ಅನುಕೂಲವಿಲ್ಲ. ಅದು ರಾಜನೂ ಅಲ್ಲ, ಗಂಧರ್ವನೂ ಅಲ್ಲ, ಹಸಿದ ಹುಲಿ ಅಷ್ಟೆ. ಮಾತಿನಂತೆ ಮರಳಿ ಬಂದ ಹಸುವನ್ನು ತಿನ್ನಲಾರದೆ ಅದು ಹಾರಿ ಪ್ರಾಣ ಬಿಡುತ್ತದೆ. ಇಲ್ಲಿ ಇನ್ನೊಂದು ಹುಲಿ ನೆನಪಾಗದಿರದು. ಸಂಸೆ ಬಹುಕಾಲ ಸೇರಿದ್ದ ಮೂಡಿಗೆರೆ ತಾಲ್ಲೂಕಿನಲ್ಲಿಯೇ ಅಂಗಡಿ ಎಂಬ ಊರಿದೆ, ಹಿಂದಿನ ಸೊಸೆವೂರು. ಜೈನಮುನಿಯ ಅಪ್ಪಣೆಯಂತೆ ಸಳ ಹುಲಿಯನ್ನು ಹೊಯ್ದನೆಂದೂ, ಅದರಿಂದ ಹೊಯ್ಸಳ ಎಂಬ ಹೆಸರು ಬಂದಿತೆಂದೂ ಐತಿಹ್ಯ. ರಾಜವಂಶಕ್ಕೆ ಕೊಲ್ಲುವ ವೀರನೊಬ್ಬ ಬೇಕಾದ. ಅವನ ಕಾಳಗ ಕಲ್ಲಿನಲ್ಲಿ ಲಾಂಛನವಾಗಿ ನಿಂತಿತು. ಗೊಲ್ಲರ ದೊಡ್ಡಿಯ ಹಾಡಿಗೆ ಆಯುಧವೇ ಬೇಕಾಗಲಿಲ್ಲ.

ಹಾಗೆಂದು ಹಾಡು ಎಲ್ಲರಿಗೂ ಸಮಾಧಾನ ಕೊಟ್ಟಿದೆಯೆಂದಲ್ಲ. ಹುಲಿಗೆ ಕೊಟ್ಟ ಮಾತು ದೊಡ್ಡದೋ, ಕರುವಿಗೆ ಕೊಡಬೇಕಾದ ಹಾಲು ದೊಡ್ಡದೋ? ಯಾರ ಮೊಲೆಯನ್ನು ಕುಡಿಯಲಿ, ಯಾರ ಬಳಿ ಮಲಗಲಿ ಎಂದು ಕರು ಕೇಳುವಾಗ ತಾಯಿಯ ಬಳಿ ಉತ್ತರವಿಲ್ಲ. ಹಿರಿಯರ ಸತ್ಯಕ್ಕೆ ಬೆಲೆ ತೆರುವುದು ಇಲ್ಲಿ ಕಿರಿಯದು. ಎಸ್.ಎಲ್. ಭೈರಪ್ಪನವರು 1968ರ ಕಾದಂಬರಿಗೆ ‘ತಬ್ಬಲಿಯು ನೀನಾದೆ ಮಗನೆ’ ಎಂದು ಹೆಸರಿಟ್ಟಾಗ ಆರಿಸಿಕೊಂಡದ್ದು ಸತ್ಯದ ಮಾತನ್ನಲ್ಲ, ತಾಯಿ ಕರುವಿಗೆ ಹೇಳಿದ ಮಾತನ್ನು. ಅಮೆರಿಕಕ್ಕೆ ಹೋಗಿ ಬಂದ ಅದರ ನಾಯಕನ ಹೆಸರು ಕಾಳಿಂಗ; ತಬ್ಬಲಿಯಾಗುವ ಸರದಿ ಈಗ ಮನುಷ್ಯನದು. ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು 1977ರಲ್ಲಿ ಅದನ್ನು ಚಲನಚಿತ್ರವಾಗಿಸಿದರು. ಹಿಂದಿಯಲ್ಲಿ ಅದು ‘ಗೋಧೂಳಿ’.

ಇಂದು ಟಿ.ವಿ. ನೋಡುವ ಮಕ್ಕಳಿಗೆ ಪ್ರಾಣಿ ಸಂಸಾರದ ಕಿರಿಮಗು ಎಂದರೆ ಬೇರೆಯೇ ಚಿತ್ರ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ‘ಪೆಪ್ಪಾ ಪಿಗ್’ನಲ್ಲಿ 2025ರವರೆಗೂ ಮನೆಯ ಕಿರಿಯನಾಗಿದ್ದ, ಡೈನೊಸಾರ್ ಗೊಂಬೆ ಬಿಡದ ಪುಟ್ಟ ತಮ್ಮ ಜಾರ್ಜ್, 2018ರಲ್ಲಿ ಬಂದ ಆಸ್ಟ್ರೇಲಿಯದ ‘ಬ್ಲೂಯಿ’ಯಲ್ಲಿ ಮೆದು ಮನಸ್ಸಿನ ತಂಗಿ ಬಿಂಗೊ. ಆ ಪ್ರಾಣಿಗಳಿಗೆ ಮನೆಯಿದೆ, ಕಾರಿದೆ, ಆಟಿಕೆಗಳಿವೆ. ಕಿರಿಯರು ಅತ್ತರೆ ಕಂತು ಮುಗಿಯುವುದರೊಳಗೆ ಅಪ್ಪ ಅಮ್ಮ ರಮಿಸುತ್ತಾರೆ. ಅದು ತಪ್ಪೇನೂ ಅಲ್ಲ. ಪುಣ್ಯಕೋಟಿಯ ಕರುವಿಗೆ ಮಾತ್ರ ಅಂಥ ಭರವಸೆ ಸಿಗಲಿಲ್ಲ; ಅದನ್ನು ಕೇಳುತ್ತ ಮಲಗಿದ ಮಕ್ಕಳು ಅಮ್ಮನ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದಿರಬೇಕು.

ಹಾಡಿನ ಕೊನೆಯಲ್ಲಿ ಹಸು ಮರಳಿ ಬಂದು ಕರುವಿಗೆ ಹಾಲೂಡಿಸುತ್ತದೆ. ಪ್ರತಿ ಸಂಕ್ರಾಂತಿಗೂ ಕೃಷ್ಣನನ್ನು ಭಜಿಸಿರೆಂದು ಗೊಲ್ಲರಿಗೆ ಹೇಳುತ್ತದೆ. ದನಗಳಿಗೆ ಕಿಚ್ಚು ಹಾಯಿಸುವ ಬಯಲುಸೀಮೆಯ ಗುರುತು ಇಲ್ಲಿ ಕಾಣುವುದುಂಟು. ಮಲೆನಾಡಿನಲ್ಲಿ ದನಗಳ ಹಬ್ಬ ದೀಪಾವಳಿಯ ಬಲಿಪಾಡ್ಯಮಿ. ಅಂದು ದನಗಳ ಮೈ ತೊಳೆದು, ಚೆಂಡುಹೂ, ಅಡಿಕೆಯ ಹಾರ ಹಾಕಿ ಪೂಜಿಸುತ್ತಾರೆ. ಕರುವಿನ ಕೊರಳಿಗೂ ಒಂದು ಪುಟ್ಟ ಹಾರ ಬೀಳುತ್ತದೆ. ಸಂಜೆಯೊಳಗೆ ಅದನ್ನು ಅದು ತಿಂದು ಮುಗಿಸಿರುತ್ತದೆ.