ಸರ್ಕಾರಿ ಶಾಲಾ ಆಡಳಿತ ಕಾನೂನುಗಳು: ಕರ್ನಾಟಕ

ಕರ್ನಾಟಕದ ಸರ್ಕಾರಿ ಶಾಲೆಗಳ ಮುಖ್ಯ ಶಿಕ್ಷಕರು, ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳು (ಬಿಇಒ), ಜಿಲ್ಲೆಯ ಉಪನಿರ್ದೇಶಕರು ಯಾವ ಕಾನೂನಿನ ಬಲದಿಂದ ಶಾಲೆ ನಡೆಸುತ್ತಾರೆ, ಯಾರಿಗೆ ಲೆಕ್ಕ ಒಪ್ಪಿಸುತ್ತಾರೆ ಎಂಬುದರ ಚರಿತ್ರೆ ಈ ಲೇಖನದ ವಸ್ತು. ಈ ಚರಿತ್ರೆ ಒಂದೇ ಶಾಸನದಲ್ಲಿ ಸಿಗುವುದಿಲ್ಲ. ಅಧಿನಿಯಮ, ನಿಯಮ, ಸರ್ಕಾರಿ ಆದೇಶ, ಸುತ್ತೋಲೆ ಎಂಬ ನಾಲ್ಕು ಮೆಟ್ಟಿಲುಗಳ ಮೇಲೆ ಚೆದುರಿ ಬಿದ್ದಿದೆ. ಹೆಡ್ ಮಾಸ್ಟರ ಹೊಣೆಗಳು ಮೇಲಿನ ಮೆಟ್ಟಿಲಲ್ಲಿ, ಅಧಿಕಾರಗಳು ಕೆಳಗಿನ ಮೆಟ್ಟಿಲಲ್ಲಿ ಇರುವುದೇ ಹೆಚ್ಚು. ಇತ್ತೀಚಿನ ವರ್ಷಗಳ ಬಹುಪಾಲು ತಕರಾರುಗಳಿಗೆ ಮೂಲ ಇದು.

ಸಂಸ್ಥಾನ ಕಾಲ

ಮೈಸೂರಿನಲ್ಲಿ ಶಿಕ್ಷಣ ಇಲಾಖೆ ಹುಟ್ಟಿದ್ದು 1857ರಲ್ಲಿ, ಕಮಿಷನರುಗಳ ಆಡಳಿತದಲ್ಲಿ. ಶಿಲಾಶಾಸನಗಳ ಸಂಗ್ರಹಕಾರರೆಂದೇ ಇಂದು ನಾವು ನೆನೆಯುವ ಬಿ.ಎಲ್. ರೈಸ್ ಆ ಇಲಾಖೆಯ ಮುಖ್ಯಸ್ಥರೂ ಆಗಿದ್ದರು. 1868ರ ಹೋಬಳಿ ಶಾಲೆಗಳ ಯೋಜನೆ ಅವರದು. ಹೋಬಳಿಗೊಂದು ಶಾಲೆ, ಅದಕ್ಕೊಬ್ಬ ಮೇಷ್ಟ್ರು, ಮೇಲೆ ಇನ್‌ಸ್ಪೆಕ್ಟರು. ಇನ್‌ಸ್ಪೆಕ್ಟರು ಭೇಟಿ ಪುಸ್ತಕದಲ್ಲಿ ಬರೆದ ನಾಲ್ಕು ಸಾಲೇ ಮೇಷ್ಟ್ರ ಪಾಲಿನ ಕಾನೂನು.

ಶಾಲೆಗೆ ಶಾಸನದ ಬಲ ಬಂದದ್ದು ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ. 1913ರ ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ನು ಆಯ್ದ ಕೇಂದ್ರಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ಅವಕಾಶ ಮಾಡಿತು. 1930ರ ರೆಗ್ಯುಲೇಷನ್ನು ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ವಿದ್ಯಾಭ್ಯಾಸ ಪ್ರಾಧಿಕಾರಗಳ ಕೈಗೆ ಕೊಟ್ಟಿತು. 1941ರ ಕಾಯಿದೆ ಅವುಗಳನ್ನು ಸರ್ಕಾರದ ಕೈಗೆ ವಾಪಸು ತಂದಿತು. ಹನ್ನೊಂದೇ ವರ್ಷಗಳಲ್ಲಿ ನಡೆದ ಈ ಕೊಟ್ಟು ತೆಗೆದುಕೊಳ್ಳುವ ಆಟ ಮುಂದೆ ಮತ್ತೆ ಮತ್ತೆ ನಡೆಯಿತು.

ಉಳಿದ ಕನ್ನಡ ನಾಡಿನ ರೀತಿಯೇ ಬೇರೆ. ಮುಂಬಯಿ ಪ್ರಾಂತದ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳಲ್ಲಿ 1947ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯಿದೆಯಂತೆ ಜಿಲ್ಲಾ ಸ್ಕೂಲ್ ಬೋರ್ಡುಗಳ ಆಳ್ವಿಕೆ. ಮಂಗಳೂರು ಸೀಮೆ 1920ರ ಮದರಾಸು ಕಾಯಿದೆಯ ಅಡಿಯಲ್ಲಿತ್ತು. ಕಲಬುರಗಿ, ರಾಯಚೂರು, ಬೀದರುಗಳಿಗೆ ಹೈದರಾಬಾದಿನ ಹುಕುಂ. 1956ರಲ್ಲಿ ಇವೆಲ್ಲ ಒಂದೇ ರಾಜ್ಯವಾದಾಗ ಬೋರ್ಡಿನ ನೌಕರನಾಗಿದ್ದ ಮಾಸ್ತರನೂ ಸರ್ಕಾರದ ನೌಕರನಾಗಿದ್ದ ಮೇಷ್ಟ್ರೂ ಒಂದೇ ಇಲಾಖೆಯೊಳಗೆ ಬಂದರು. ಮೈಸೂರು ಕಡ್ಡಾಯ ಪ್ರಾಥಮಿಕ ಶಿಕ್ಷಣ ಅಧಿನಿಯಮ 1961ರಲ್ಲಿ ಬಂತು. ಮಗುವನ್ನು ಶಾಲೆಗೆ ಕಳಿಸದ ತಂದೆತಾಯಿಗೆ ದಂಡ ಹಾಕುವ ಮಾತು ಅದರಲ್ಲಿತ್ತು. ಕೂಲಿಗೆ ಹೋಗುವ ಮನೆಯ ಮೇಲೆ ದಂಡ ಹಾಕಿ ಊರಲ್ಲಿ ಬಾಳುವ ಧೈರ್ಯ ಯಾವ ಮೇಷ್ಟ್ರಿಗಿತ್ತು?

1983ರ ಅಧಿನಿಯಮ

ಇಂದಿಗೂ ಆಧಾರವಾಗಿರುವ ಕರ್ನಾಟಕ ಶಿಕ್ಷಣ ಅಧಿನಿಯಮದ ಹೆಸರಿನಲ್ಲಿ 1983 ಇದ್ದರೂ ಶಾಸನದ ಪುಸ್ತಕದಲ್ಲಿ ಅದು 1995ರ 1ನೇ ಅಧಿನಿಯಮ. ರಾಷ್ಟ್ರಪತಿಗಳ ಅಂಕಿತ, ಪ್ರಕಟಣೆ, ಜಾರಿ ಎಂದು ಸುಮಾರು ಒಂದು ದಶಕ ಅದು ದಾರಿಯಲ್ಲೇ ಇತ್ತು. ಅದರ ಹೆಚ್ಚಿನ ಗಮನ ಖಾಸಗಿ ಶಾಲೆಗಳ ನೋಂದಣಿ, ಮಾನ್ಯತೆ, ಅನುದಾನಗಳ ಕಡೆಗೆ. ಸರ್ಕಾರಿ ಶಾಲೆಯನ್ನು ಸರ್ಕಾರವೇ ನಡೆಸುವುದರಿಂದ ಅದಕ್ಕೆ ಕಾನೂನಿನ ಕಟ್ಟು ಅಷ್ಟಾಗಿ ಬೇಕಿಲ್ಲ ಎಂಬ ಭಾವನೆ ಅದರ ರಚನೆಯಲ್ಲೇ ಕಾಣುತ್ತದೆ. ಸರ್ಕಾರಿ ಶಾಲೆಗಳ ಮಟ್ಟಿಗೆ ಮುಂದೆ ಹೆಚ್ಚು ಸುದ್ದಿಯಾದ ಕಲಮುಗಳು ಎರಡು. 133ನೆಯದು ಸರ್ಕಾರಕ್ಕೆ ನಿರ್ದೇಶನ ಕೊಡುವ ಅಧಿಕಾರ ಕೊಡುತ್ತದೆ. 145ನೆಯದು ನಿಯಮ ರೂಪಿಸುವ ವಿಧಾನವನ್ನು ಹೇಳುತ್ತದೆ. ಮೊದಲನೆಯದನ್ನು ಬಳಸುವುದು ಸುಲಭ, ಎರಡನೆಯದನ್ನು ಪಾಲಿಸುವುದು ತ್ರಾಸ. ಆದ್ದರಿಂದ ಇಲಾಖೆ ಸುತ್ತೋಲೆಗಳ ಮೇಲೆ ಬದುಕಲು ಕಲಿಯಿತು.

ಸಚಿವ ಅಬ್ದುಲ್ ನಜೀರ್ ಸಾಬರ ಹೆಸರಿನೊಂದಿಗೆ ಬೆಸೆದುಕೊಂಡ 1983ರ ಜಿಲ್ಲಾ ಪರಿಷತ್ ಕಾಯಿದೆ, ಅನಂತರ 1993ರ ಪಂಚಾಯತ್ ರಾಜ್ ಅಧಿನಿಯಮ, ಪ್ರಾಥಮಿಕ ಶಾಲೆಯನ್ನು ಜಿಲ್ಲಾ ಪಂಚಾಯತಿಯ ನೆರಳಿಗೆ ತಂದವು. ಉಪನಿರ್ದೇಶಕರಿಗೆ ಇದರಿಂದ ಇಬ್ಬರು ಯಜಮಾನರಾದರು. ಶೈಕ್ಷಣಿಕ ವಿಷಯಕ್ಕೆ ಬೆಂಗಳೂರಿನ ಆಯುಕ್ತರು, ಹಣಕಾಸಿಗೆ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ.

ಎಸ್‌ಡಿಎಂಸಿ ಮತ್ತು ಎರಡನೆಯ ಸಹಿ

ಶಾಲೆಯ ಒಳಗಿನ ಅಧಿಕಾರವನ್ನು ನಿಜವಾಗಿ ಅಲುಗಿಸಿದ್ದು 2001ರ ಏಪ್ರಿಲ್ 28ರ ಸರ್ಕಾರಿ ಆದೇಶ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಚಿಂತನೆಯಿಂದ ಹುಟ್ಟಿದ ಈ ಆದೇಶ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು (ಎಸ್‌ಡಿಎಂಸಿ) ಕೊಟ್ಟಿತು. ಪೋಷಕರು ಪೋಷಕರನ್ನೇ ಆರಿಸಬೇಕು, ಆರಿಸಿ ಬಂದವರಲ್ಲಿ ಒಬ್ಬರು ಅಧ್ಯಕ್ಷರಾಗಬೇಕು, ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ. ಶಾಲೆಯ ಬ್ಯಾಂಕ್ ಖಾತೆ ಇಬ್ಬರ ಹೆಸರಲ್ಲಿ ಜಂಟಿ.

ಈ ಜಂಟಿ ಸಹಿ ಸಣ್ಣ ವಿಷಯವಲ್ಲ. ಹೆಂಚು ಒಡೆದು ಮಳೆ ನೀರು ಕರಿಹಲಗೆಯ ಮೇಲೆ ಇಳಿಯುತ್ತಿದೆ, ಖಾತೆಯಲ್ಲಿ ಹಣವೂ ಇದೆ ಎನ್ನಿ. ಅಧ್ಯಕ್ಷರು ಶೇಂಗಾ ಕೀಳಲು ಹೊಲಕ್ಕೆ ಹೋಗಿದ್ದಾರೆ. ಹೆಡ್ ಮಾಸ್ಟರು ಚೆಕ್ಕು ಪುಸ್ತಕವನ್ನು ಬ್ಯಾಗಿಗಿಟ್ಟುಕೊಂಡು ಬದುವಿನ ಮೇಲೆ ನಡೆದುಕೊಂಡು ಹೋಗಿ, ಮಣ್ಣಾದ ಕೈ ಒರೆಸಿಕೊಂಡ ಅಧ್ಯಕ್ಷರಿಂದ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯಬೇಕು. ಆ ಕ್ಷಣದಲ್ಲಿ ಅಧಿಕಾರ ಎಲ್ಲಿದೆ ಎಂಬುದು ಇಬ್ಬರಿಗೂ ತಿಳಿದಿರುತ್ತದೆ. ಹಿಂದೆ ಇನ್‌ಸ್ಪೆಕ್ಟರ ಮುಂದೆ ಮಾತ್ರ ತಲೆ ಬಾಗಿಸುತ್ತಿದ್ದ ಮುಖ್ಯ ಶಿಕ್ಷಕ ಈಗ ಮೂರನೇ ತರಗತಿಯ ಹುಡುಗಿಯ ತಂದೆಗೂ ಲೆಕ್ಕ ಹೇಳಬೇಕಾಯಿತು. ಕೆಲವು ಊರುಗಳಲ್ಲಿ ಇದರಿಂದ ಕಾಂಪೌಂಡು ಎದ್ದಿತು, ಬಾವಿಗೆ ಕಟ್ಟೆ ಬಂತು. ಕೆಲವು ಊರುಗಳಲ್ಲಿ ಪಂಚಾಯತಿ ಚುನಾವಣೆಯ ಜಗಳವೇ ಶಾಲೆಯ ಜಗಲಿಗೆ ಬಂತು.

ಸಮಿತಿಗೆ ಶಾಸನದ ಆಧಾರ ಬಂದದ್ದು ತಡವಾಗಿ. ಪಂಚಾಯತ್ ರಾಜ್ ಅಧಿನಿಯಮದ ಅಡಿ 2006ರಲ್ಲಿ ಮಾದರಿ ಉಪವಿಧಿಗಳು ಬಂದು, ಎಸ್‌ಡಿಎಂಸಿ ಗ್ರಾಮ ಪಂಚಾಯತಿಯ ವ್ಯವಸ್ಥೆಯೊಳಗೆ ಸೇರಿತು. ಮೊದಲು ಆದೇಶ, ಆಮೇಲೆ ಶಾಸನ ಎಂಬ ಈ ಅನುಕ್ರಮ ತಿರುಗುಮುರುಗು. ಅದು ಇಲಾಖೆಯ ರೂಢಿ.

ಶಿಕ್ಷಣ ಹಕ್ಕು ಕಾಯಿದೆಯ ನಂತರ

2010ರ ಏಪ್ರಿಲ್ 1ರಂದು ಜಾರಿಯಾದ ಕೇಂದ್ರದ ಶಿಕ್ಷಣ ಹಕ್ಕು ಕಾಯಿದೆ, ಅದಕ್ಕೆ 2012ರಲ್ಲಿ ಬಂದ ರಾಜ್ಯದ ನಿಯಮಗಳು, ಮುಖ್ಯ ಶಿಕ್ಷಕರ ಕೆಲಸವನ್ನು ಹಕ್ಕಿನ ಭಾಷೆಯಲ್ಲಿ ಹೊಸದಾಗಿ ಬರೆದವು. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಶಾಲಾಭಿವೃದ್ಧಿ ಯೋಜನೆ ಬರೆಯಬೇಕು. ದಾಖಲಾತಿ ನಿರಾಕರಿಸುವಂತಿಲ್ಲ, ಹೊಡೆಯುವಂತಿಲ್ಲ, ಮನೆಪಾಠ ಹೇಳುವಂತಿಲ್ಲ. 1ರಿಂದ 5ನೇ ತರಗತಿಯ ಶಾಲೆಯಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಪ್ರತ್ಯೇಕ ಮುಖ್ಯ ಶಿಕ್ಷಕರ ಹುದ್ದೆ. ನಮ್ಮ ಹಳ್ಳಿಗಳ ಎಷ್ಟೋ ಶಾಲೆಗಳು ಈ ಸಂಖ್ಯೆಯ ಹತ್ತಿರವೂ ಸುಳಿಯುವುದಿಲ್ಲ. ಅಲ್ಲಿ ಇದ್ದವರಲ್ಲಿ ಹಿರಿಯರೇ ಪ್ರಭಾರ ಹೊತ್ತು ಪಾಠವನ್ನೂ ಮಾಡಬೇಕು. ಕಾಯಿದೆ ‘ಮುಖ್ಯ ಶಿಕ್ಷಕ’ ಎಂದು ಕರೆದು ಹೊಣೆ ಹೊರಿಸುವಾಗ ಎದುರಿಗಿರುವವರು ಹಲವು ಕಡೆ ‘ಇನ್‌ಚಾರ್ಜ್’.

ಬಿಸಿಯೂಟದ್ದೂ ಇದೇ ಹಾದಿ. ಅಕ್ಷರ ದಾಸೋಹ 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಯೋಜನೆಯಾಗಿ ಶುರುವಾಯಿತು. 2013ರ ಆಹಾರ ಭದ್ರತಾ ಕಾಯಿದೆ ಅದನ್ನು ಮಗುವಿನ ಹಕ್ಕಾಗಿಸಿತು. 2015ರ ಕೇಂದ್ರ ನಿಯಮಗಳು ಒಂದು ಅಪರೂಪದ ಕೆಲಸ ಮಾಡಿದವು: ಊಟಕ್ಕೆ ಹಣ ಬರುವುದು ತಡವಾದರೆ ಶಾಲೆಯಲ್ಲಿರುವ ಬೇರೆ ಯಾವುದೇ ನಿಧಿಯನ್ನು ಬಳಸಿ ಅಡುಗೆ ನಿಲ್ಲದಂತೆ ನೋಡಿಕೊಳ್ಳುವ ಅಧಿಕಾರವನ್ನು ನೇರವಾಗಿ ಮುಖ್ಯ ಶಿಕ್ಷಕರಿಗೇ ಕೊಟ್ಟವು. ಹೊಣೆಯ ಜೊತೆ ಅಧಿಕಾರವನ್ನೂ ಒಂದೇ ವಾಕ್ಯದಲ್ಲಿ ಬರೆದ ನಿಯಮ ಇದು. ಹೀಗಿದ್ದೂ ಅಕ್ಕಿ, ಬೇಳೆ, ಎಣ್ಣೆಯ ದಾಸ್ತಾನು ಪುಸ್ತಕದಲ್ಲಿ ಒಂದು ಕಿಲೋ ಹೆಚ್ಚುಕಮ್ಮಿಯಾದರೆ ನೋಟಿಸು ಬರುವುದು ಅದೇ ಮುಖ್ಯ ಶಿಕ್ಷಕರಿಗೆ.

ವರ್ಗಾವಣೆ

ಶಾಲಾ ಆಡಳಿತದಲ್ಲಿ ರಾಜ್ಯ ಶಾಸಕಾಂಗ ನೇರವಾಗಿ ಕೈಹಾಕಿದ ಕ್ಷೇತ್ರ ವರ್ಗಾವಣೆ. ಶಾಸಕರ ಶಿಫಾರಸು ಪತ್ರ ಹಿಡಿದು ಅಲೆಯುವ ಪದ್ಧತಿಗೆ ಕಡಿವಾಣ ಹಾಕಲೆಂದು 2007ರಲ್ಲಿ ಶಿಕ್ಷಕರ ವರ್ಗಾವಣೆ ನಿಯಂತ್ರಣ ಅಧಿನಿಯಮ ಬಂತು. ಪರಸ್ಪರ ವರ್ಗಾವಣೆ, ಕೋರಿಕೆ ವರ್ಗಾವಣೆ, ಕೌನ್ಸೆಲಿಂಗ್ ಎಂಬ ಮಾತುಗಳು ಶಿಕ್ಷಕರ ಮನೆಮಾತಾದವು. ಊರುಗಳು ಎ, ಬಿ, ಸಿ ವಲಯಗಳಾದವು. ಎ ಎಂದರೆ ಪಟ್ಟಣದ ಅನುಕೂಲ, ಸಿ ಎಂದರೆ ಬೆಳಗಿನ ಬಸ್ಸು ತಪ್ಪಿದರೆ ಗತಿಯಿಲ್ಲದ ಊರು. ಎ ವಲಯದಲ್ಲಿ ಬಹುಕಾಲ ಇದ್ದವರನ್ನು ಹೊರಗೆ ಕಳಿಸುವ ಕಡ್ಡಾಯ ವರ್ಗಾವಣೆ 2019ರಲ್ಲಿ ದೊಡ್ಡ ಅಸಮಾಧಾನ ಎಬ್ಬಿಸಿತು. 2020ರಲ್ಲಿ ಹಳೆಯದರ ಜಾಗಕ್ಕೆ ಹೊಸ ಅಧಿನಿಯಮ ಬಂತು. ಬಿಇಒ ಕಚೇರಿಯ ಮಟ್ಟಿಗೆ ಇದರ ಫಲ ಇಷ್ಟು: ಯಾರು ಎಲ್ಲಿಗೆ ಎಂದು ತೀರ್ಮಾನಿಸುವ ಅಧಿಕಾರ ಹೋಯಿತು, ಸೇವಾ ವಿವರ ತಾಳೆ ನೋಡಿ ಕಂಪ್ಯೂಟರಿಗೆ ಏರಿಸುವ ಕೆಲಸ ಉಳಿಯಿತು. ಶಿಫಾರಸಿನ ಕಾಲಕ್ಕಿಂತ ಇದು ಖಂಡಿತ ಮೇಲು.

ಇದೇ ಕಾಲದಲ್ಲಿ ನೇಮಕಾತಿ ನಿಯಮಗಳೂ ಬದಲಾಗಿ, 6ರಿಂದ 8ನೇ ತರಗತಿಗೆ ಪದವೀಧರ ಪ್ರಾಥಮಿಕ ಶಿಕ್ಷಕರ ವೃಂದ ಬೇರೆಯಾಯಿತು. 1ರಿಂದ 7ನೇ ತರಗತಿಗೆಂದು ನೇಮಕವಾಗಿದ್ದ ಹಳಬರನ್ನು 1ರಿಂದ 5ರ ವೃಂದಕ್ಕೆ ಸೇರಿಸಿದ್ದು ಬಡ್ತಿಯ ವ್ಯಾಜ್ಯವಾಗಿ ಬೆಳೆಯಿತು. ಕಲ್ಯಾಣ ಕರ್ನಾಟಕದಲ್ಲಿ ಸಂವಿಧಾನದ 371ಜೆ ವಿಧಿಯ ಸ್ಥಳೀಯ ವೃಂದ ಮೀಸಲಾತಿ ಈ ಲೆಕ್ಕಕ್ಕೆ ಇನ್ನೊಂದು ಕಲಮು ಸೇರಿಸಿತು.

ಸುತ್ತೋಲೆ ಕೋರ್ಟಿಗೆ ಹೋದದ್ದು

ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಮತ್ತು ಪದವಿಪೂರ್ವ ಪರೀಕ್ಷಾ ವಿಭಾಗಗಳು 2022ರಲ್ಲಿ ಒಂದಾಗಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಆಯಿತು. 5 ಮತ್ತು 8ನೇ ತರಗತಿಗೆ ಈ ಮಂಡಳಿಯ ಪ್ರಶ್ನೆಪತ್ರಿಕೆಯಿಂದ ಮೌಲ್ಯಾಂಕನ ಎಂಬ ತೀರ್ಮಾನ ಸುತ್ತೋಲೆಯ ರೂಪದಲ್ಲಿ ಹೊರಟಿತು. 2023ರ ಮಾರ್ಚಿನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದುಮಾಡಿತು. ಅಧಿನಿಯಮ ಹೇಳಿದ ವಿಧಾನದಂತೆ ನಿಯಮ ರೂಪಿಸದೆ ಸುತ್ತೋಲೆಯಿಂದ ಹೀಗೆ ಮಾಡಲಾಗದು ಎಂಬುದು ಕಾರಣ. ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಯಾವ ಮಗುವನ್ನೂ ನಪಾಸು ಮಾಡಬಾರದೆಂಬ ಷರತ್ತಿನೊಂದಿಗೆ ಪರೀಕ್ಷೆಗೆ ಒಪ್ಪಿತು.

ಮರುವರ್ಷ 9 ಮತ್ತು 11ನೇ ತರಗತಿಗಳೂ ಪಟ್ಟಿಗೆ ಸೇರಿದವು, ಗೊಂದಲ ಇಮ್ಮಡಿಯಾಯಿತು. 2024ರ ಮಾರ್ಚ್ 6ರಂದು ಏಕಸದಸ್ಯ ಪೀಠ ಮತ್ತೆ ರದ್ದುಮಾಡಿತು. ಮರುದಿನ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತು. 11ರಂದು ಪರೀಕ್ಷೆ ಶುರುವಾಯಿತು. 12ರಂದು ಸುಪ್ರೀಂ ಕೋರ್ಟ್ ಆ ತಡೆಯನ್ನೇ ತೆಗೆದುಹಾಕಿತು. ಬೆಳಿಗ್ಗೆ ಪ್ರಶ್ನೆಪತ್ರಿಕೆಯ ಬಂಡಲು ಒಡೆದವರು ಸಂಜೆ ಉಳಿದ ಬಂಡಲುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಮುಂದಿನ ಸುತ್ತೋಲೆಗೆ ಕಾಯಬೇಕಾಯಿತು. 22ರಂದು ವಿಭಾಗೀಯ ಪೀಠ ಸರ್ಕಾರದ ಪರ ತೀರ್ಪು ಕೊಟ್ಟ ಮೇಲೆ 25ರಿಂದ ಉಳಿದ ಪರೀಕ್ಷೆಗಳು ನಡೆದವು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೂ ತಡೆ ಕೊಟ್ಟು ಫಲಿತಾಂಶ ನಿಲ್ಲಿಸಿತು. ರಜೆಗೆ ಊರಿಗೆ ಹೊರಟು ನಿಂತ ಪೋಷಕರು ‘ನಮ್ಮ ಹುಡುಗ ಪಾಸಾ ಸಾರ್?’ ಎಂದು ಕೇಳಿದರೆ ಹೆಡ್ ಮಾಸ್ಟರಲ್ಲಿ ಉತ್ತರವಿರಲಿಲ್ಲ. ಮೌಲ್ಯಮಾಪನ ಮುಗಿದಿತ್ತು, ಹೇಳುವ ಹಾಗಿರಲಿಲ್ಲ.

ನಿರ್ದೇಶನದ ಅಧಿಕಾರವೂ ಕೋರ್ಟಿನ ಮೆಟ್ಟಿಲೇರಿದೆ. 2022ರ ಫೆಬ್ರವರಿ 5ರ ಸಮವಸ್ತ್ರ ಆದೇಶ ಹೊರಟಿದ್ದು 133ನೆಯ ಕಲಮಿನ ಅಡಿಯಲ್ಲೇ. ಶಾಸಕರು ಅಧ್ಯಕ್ಷರಾಗಿರುವ ಕಾಲೇಜು ಅಭಿವೃದ್ಧಿ ಸಮಿತಿಗಳಿಗೆ ಅದು ಸಮವಸ್ತ್ರದ ತೀರ್ಮಾನ ಬಿಟ್ಟಿತು. ಗೇಟಿನಲ್ಲಿ ನಿಂತು ಜಾರಿಮಾಡುವ ಕೆಲಸ ಪ್ರಾಂಶುಪಾಲರ ಪಾಲಿಗೆ ಬಂತು. ಮಾರ್ಚ್ 15ರಂದು ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು.

ವಯಸ್ಸು ಮತ್ತು ಗಣತಿ

1ನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂದು 2022ರಲ್ಲಿ ಆದೇಶವಾಯಿತು. ಎಲ್‌ಕೆಜಿಯಲ್ಲಿದ್ದ ಮಕ್ಕಳ ಪೋಷಕರು ಗದ್ದಲ ಮಾಡಿದ ಮೇಲೆ ಜಾರಿಯನ್ನು 2025–26ಕ್ಕೆ ಮುಂದೂಡಲಾಯಿತು. ಆ ವರ್ಷ ಬಂದಾಗ ಒಂದು ಬಾರಿಗೆ ಮಾತ್ರ ಎಂದು 5 ವರ್ಷ 5 ತಿಂಗಳಿಗೆ ಸಡಿಲಿಸಲಾಯಿತು. ದಾಖಲಾತಿ ಪುಸ್ತಕದಲ್ಲಿ ಒಮ್ಮೆ ಬರೆದ ಜನ್ಮದಿನಾಂಕವನ್ನು ತಿದ್ದುವುದು ಎಷ್ಟು ಕಷ್ಟವೆಂದು ಬಲ್ಲ ಮುಖ್ಯ ಶಿಕ್ಷಕರು ಜನನ ಪ್ರಮಾಣಪತ್ರವನ್ನು ಎರಡೆರಡು ಬಾರಿ ನೋಡುವುದು ಸುಮ್ಮನೆ ಅಲ್ಲ.

ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಮು ಶಿಕ್ಷಕರನ್ನು ಪಾಠೇತರ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಇವು ಮೂರೇ ಅದರ ವಿನಾಯಿತಿಗಳು. 2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಮನೆಮನೆಗೆ ಹೋದವರಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೇ ಬಹಳ. ದಸರಾ ರಜೆಯೊಳಗೆ ಕೆಲಸ ಮುಗಿಯಲಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಬೆಳೆಸಲಾಯಿತು.