ಸಂಪಂಗಿ ಕೆರೆಯೂ ಕರಗವೂ
ಚೈತ್ರ ಪೂರ್ಣಿಮೆಯ ರಾತ್ರಿ ಬ್ಯಾಟರಾಯನಪುರದಿಂದ ಬಳ್ಳಾರಿ ರಸ್ತೆ ಹಿಡಿದು ಬೆಂಗಳೂರು ಪೇಟೆಯ ಕರಗಕ್ಕೆ ಹೋಗಿದ್ದೆ. ಧರ್ಮರಾಯನ ಗುಡಿಯಿಂದ ಹೊರಟ ಕರಗವನ್ನು ಹೊರುವವನು ಗಂಡಸೇ. ಆದರೆ ಉಟ್ಟದ್ದು ಸೀರೆ, ತೊಟ್ಟದ್ದು ಬಳೆ. ಆ ರಾತ್ರಿ ಅವನೇ ದ್ರೌಪದಿ! ಸುತ್ತ ಬಿಚ್ಚುಗತ್ತಿಯ ವೀರಕುಮಾರರು. ಮಸ್ತಾನ್ ಸಾಹೇಬರ ದರ್ಗಾದಲ್ಲಿ ನಿಂತು ಮುಂದೆ ಸಾಗುವುದು ಹಳೆಯ ವಾಡಿಕೆ.

ನನ್ನ ಮನಸ್ಸು ಮಾತ್ರ ಸಂಪಂಗಿ ಕೆರೆಯಲ್ಲಿತ್ತು. ತೋಟಗಾರರಾದ ತಿಗಳರಿಗೆ ಕೆರೆಯೇ ಅನ್ನ. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳಾಯಿಗೆ ಬಂದಿತು. ಊರಿಗೆ ಕೆರೆಯ ಹಂಗು ತಪ್ಪಿತು. ಈಗ ಕೆರೆಯಂಗಳದಲ್ಲಿ ಕಂಠೀರವ ಕ್ರೀಡಾಂಗಣ. ಉಳಿದದ್ದೊಂದು ಪುಟ್ಟ ಕೊಳ. ಹುಣ್ಣಿಮೆಗೆ ಮುನ್ನ, ಹಸಿ ಕರಗಕ್ಕೆಂದು, ತಿಗಳರು ಇಂದಿಗೂ ಅಲ್ಲಿಗೇ ಬರುತ್ತಾರೆ.

ಬೆಳಗ್ಗೆ ಹಿಂದಿರುಗುವಾಗ ಹೆಬ್ಬಾಳದ ಕೆರೆ ಬಂದಿತು. ಬಸ್ಸಿನಿಂದ ಕತ್ತು ಚಾಚಿ ನೋಡಿದೆ, ನೀರಿತ್ತು.