ಕಾಲುವೆ ದಂಡೆಯ ಮೇಲೆ ಸೈಕಲ್: ಗೋಕಾಕ, ಮೂಡಲಗಿ, ಹುಕ್ಕೇರಿ

ಇದನ್ನ ಸೈಕಲ್ ತುಳೀತಾ ಕೇಳ್ತಿದ್ರೆ ದಯವಿಟ್ಟು ಒಂದು ಕಿವಿಯ ಇಯರ್‌ಫೋನ್ ತೆಗೀರಿ. ನಮ್ಮ ಕಡೆ ರಸ್ತೆ ಅಂದ್ರೆ ಹಿಂದೊಂದು ಕಬ್ಬಿನ ಟ್ರ್ಯಾಕ್ಟರ್ ಇದ್ದೇ ಇರುತ್ತೆ.

ಮೊನ್ನೆ ಭಾನುವಾರ ನಾವು ಒಂಬತ್ತು ಜನ ಗೋಕಾಕದಿಂದ ಬೆಳಗಿನ ಜಾವಕ್ಕೇ ಹೊರಟಿದ್ವಿ. ಲೋಳಸೂರ ಸೇತುವೆ ದಾಟಿ ಘಟಪ್ರಭಾ, ಧೂಪದಾಳ, ಅಲ್ಲಿಂದ ಹುಕ್ಕೇರಿ ತಾಲ್ಲೂಕಿನ ಘೋಡಗೇರಿ. ವಾಪಸ್ ಬರುವಾಗ ಕಾಲುವೆ ದಂಡೆ ಹಿಡಿದು ಮೂಡಲಗಿ ಕಡೆ. ನಮ್ಮಲ್ಲಿ ಒಬ್ಬನ ಸೈಕಲ್ಲಿಗೆ ಒಂದು ಮೋಟರ್‌ಸೈಕಲ್ಲಿನ ಬೆಲೆ. ಚಹಾದಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರು ಅದನ್ನ ಮೇಲಿಂದ ಕೆಳಗೆ ನೋಡಿ, "ಇಷ್ಟು ರೊಕ್ಕ ಇದ್ದೂ ಸೈಕಲ್ ಯಾಕ ತುಳೀತೀರಪಾ?" ಅಂದ್ರು. ನಕ್ಕು ಸುಮ್ಮನಾದ್ವಿ. ಆದ್ರೆ ಆ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. 1885. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ 'ರೋವರ್' ಅನ್ನೋ ಸೈಕಲ್ ಹೊರತಂದ. ಎರಡೂ ಗಾಲಿ ಹೆಚ್ಚುಕಮ್ಮಿ ಒಂದೇ ಅಳತೆ, ಹಿಂದಿನ ಗಾಲಿಗೆ ಚೈನು. ನಾವು ಇವತ್ತು ತುಳಿಯೋದು ಅದೇ ವಿನ್ಯಾಸ. ಮೂರು ವರ್ಷದ ಮೇಲೆ ಡನ್‌ಲಪ್‌ನ ಗಾಳಿ ಟೈರು ಬಂತು. ಅದೇ 1885ರಲ್ಲೇ ಇಲ್ಲಿ, ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವ ಜಾಗದಲ್ಲಿ, ಗೋಕಾಕ ಗಿರಣಿಯ ಕಂಪನಿ ಶುರುವಾಯ್ತು. ಎರಡಕ್ಕೂ ಸಂಬಂಧ ಇಲ್ಲ, ಕಾಕತಾಳೀಯ. ಆದ್ರೆ ಗಿರಣಿ ಅಂದ್ರೆ ಪಾಳಿ, ಪಾಳಿ ಅಂದ್ರೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಮುಂದೆ ಸೈಕಲ್ ಅಗ್ಗವಾದಾಗ ಅದರ ಅಗತ್ಯ ಇಲ್ಲಿ ಕಾಯ್ತಾ ಇತ್ತು.

ಅಗ್ಗವಾಗೋಕೆ ಸ್ವಾತಂತ್ರ್ಯ ಬರಬೇಕಾಯ್ತು. 1949ರಲ್ಲಿ ಮದ್ರಾಸಿನ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ. ನಮ್ಮಜ್ಜನದು ಅಟ್ಲಾಸ್. ಮದುವೆಯಲ್ಲಿ ಬಂದದ್ದು, ಅದರ ಮೇಲೆ ಅಜ್ಜಿಗೂ ಹಕ್ಕಿರಲಿಲ್ಲ. ಆಗ ಸೈಕಲ್ಲಿಗೂ ಪುರಸಭೆಯ ಬಿಲ್ಲೆ ಬೇಕು, ರಾತ್ರಿ ದೀಪ ಬೇಕು, ಡಬಲ್ ರೈಡ್ ಹೋದ್ರೆ ಪೊಲೀಸ್ ಹಿಡೀತಿದ್ದ. ಸ್ವಂತದ್ದು ಇಲ್ಲದವರಿಗೆ ತಾಸಿನ ಬಾಡಿಗೆ. ಆ ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ಅವತ್ತು ವಿಶ್ವ ಸೈಕಲ್ ದಿನ, ಗೊತ್ತಾ?

ಇನ್ನು ನಾವು ಹೋದ ದಾರಿ. ಧೂಪದಾಳದ ಒಡ್ಡು 19ನೇ ಶತಮಾನದ ಕೊನೆಯದು. ಘಟಪ್ರಭಾ ಎಡದಂಡೆ ಕಾಲುವೆ ಅಲ್ಲಿಂದಲೇ ಹೊರಡುತ್ತೆ. ಮೇಲೆ ಹಿಡಕಲ್‌ನಲ್ಲಿ 51 ಟಿಎಂಸಿ ನೀರು ಹಿಡಿಯುವ ಅಣೆಕಟ್ಟೆ ಆಮೇಲಿನದು. ಕಾಲುವೆ ಪಕ್ಕದ ಮಣ್ಣಿನ ದಾರಿ ಮಾಡಿದ್ದು ನೀರು ನೋಡಿಕೊಳ್ಳುವವರ ಓಡಾಟಕ್ಕೆ. ಸಪಾಟು, ನೆರಳು, ಏರಿಲ್ಲ. ಸೈಕಲ್ಲಿಗೆ ಇದಕ್ಕಿಂತ ಇನ್ನೇನು ಬೇಕು? ಘೋಡಗೇರಿ ಚಂದ್ರಶೇಖರ ಕಂಬಾರರ ಊರು. ಅವರು ಹೈಸ್ಕೂಲು ಓದಿದ್ದು ಗೋಕಾಕದಲ್ಲಿ. ನಾವು ತಿಂಡಿ ತಿಂದು, ಫೋಟೋ ತೆಗೆದು, ಗೇರ್ ಬದಲಿಸ್ತಾ ದಾಟಿದ ದೂರ ಅದು.

ಆದ್ರೆ ನಾನು ಹೇಳಬೇಕಂತಿದ್ದ ವಿಷಯ ಶರ್ಯತ್ತಿನದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಜಾತ್ರೆ ಅಂದ್ರೆ ತೇರು, ನಾಟಕ, ಕುಸ್ತಿ, ಎತ್ತಿನ ಗಾಡಿ ಓಟ, ಜೊತೆಗೆ ಸೈಕಲ್ ಶರ್ಯತ್ತು. ಗೋಡೆ ಮೇಲೆ ಕರಪತ್ರ: ಮೊದಲ ಬಹುಮಾನ ಇಷ್ಟು, ಎರಡನೇದು ಇಷ್ಟು, ಕೊಟ್ಟವರ ಹೆಸರು ಇಂಥದ್ದು. ಊರ ಅಗಸಿಯಿಂದ ಮುಂದಿನ ಊರಿನ ತನಕ ಹೋಗಿ ತಿರುಗಿ ಬರೋದು. ಸೈಕಲ್ ಹಿಂದೆ ಬೈಕಿನ ಮೇಲೆ ಕೂತವರು ಕೂಗ್ತಾ, ನೀರು ಎರಚ್ತಾ ಬರ್ತಾರೆ. ಹಾಲು ಹಾಕಿ ಬಂದ ಹುಡುಗ, ಪೇಪರ್ ಹಾಕೋ ಹುಡುಗ, ಮಡ್‌ಗಾರ್ಡು ಕ್ಯಾರಿಯರ್ ಬಿಚ್ಚಿ ಹಗುರ ಮಾಡ್ಕೊಂಡು ನಿಲ್ತಿದ್ದ. ಕೋಚ್ ಇಲ್ಲ, ಲೈಕ್ರಾ ಇಲ್ಲ. ಈ ಭಾಗದಿಂದ ರಾಷ್ಟ್ರೀಯ ಮಟ್ಟದ ಸೈಕ್ಲಿಸ್ಟ್‌ಗಳು ಇಷ್ಟೊಂದು ಯಾಕೆ ಬಂದ್ರು ಅಂತ ಕೇಳಿದ್ರೆ, ನನ್ನ ಪ್ರಕಾರ ಉತ್ತರ ಇಲ್ಲೇ ಇದೆ. ವಿಜಯಪುರ, ಬಾಗಲಕೋಟೆ, ಗದಗದ ಕ್ರೀಡಾ ನಿಲಯಗಳು, ನಮ್ಮದೇ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆ, ಇವೆಲ್ಲ ಆಮೇಲೆ. ಮೊದಲು ಜಾತ್ರೆ. ಪದಕ ಸಿಕ್ಕರೆ ರೈಲ್ವೆಯಲ್ಲೋ ಸೇನೆಯಲ್ಲೋ ಕೆಲಸ ಸಿಗಬಹುದು ಅನ್ನೋ ಆಸೆ ಒಣಬೇಸಾಯದ ಮನೆಗೆ ಸಣ್ಣದಲ್ಲ.

ಹುಡುಗಿಯರ ಕಥೆ ಬೇರೆ. ಅವರ ಕೈಗೆ ದೊಡ್ಡ ಸಂಖ್ಯೆಯಲ್ಲಿ ಸೈಕಲ್ ಬಂದದ್ದು 2006-07ರಲ್ಲಿ, ಸರ್ಕಾರ 8ನೇ ತರಗತಿ ಮಕ್ಕಳಿಗೆ ಕೊಡೋಕೆ ಶುರು ಮಾಡಿದಾಗ. ಅದಕ್ಕೂ ಮೊದಲು ಹೈಸ್ಕೂಲು ಪಕ್ಕದ ಊರಲ್ಲಿದ್ರೆ ಓದು ಏಳನೇ ಕ್ಲಾಸಿಗೇ ಮುಗೀತಿತ್ತು, ನಮ್ಮ ಚಿಕ್ಕಮ್ಮನದು ಮುಗಿದ ಹಾಗೆ. ಕೋವಿಡ್ ವರ್ಷಗಳಲ್ಲಿ ಆ ವಿತರಣೆ ನಿಂತಿತು. ಶಾಲೆ ತೆರೆದ ಮೇಲೂ ವರ್ಷಗಟ್ಟಲೆ ಶುರುವಾಗಲಿಲ್ಲ.

ಮೂಡಲಗಿ ದಾರಿಯಲ್ಲಿ ನಮಗೆ ಒಂದು ಅಂಥ ಸೈಕಲ್ ಸಿಕ್ತು. ಹ್ಯಾಂಡಲ್ ಮುಂದೆ ಬುಟ್ಟಿ, ಬಣ್ಣ ಹೋಗಿದೆ. ಒಬ್ಬ ರೈತ ಹಿಂದೆ ಮೇವಿನ ಹೊರೆ ಕಟ್ಟಿ ತಳ್ಕೊಂಡು ಹೋಗ್ತಿದ್ದ. ಮಗಳದಂತೆ, ಈಗ ಕಾಲೇಜಿಗೆ ಬಸ್ಸಿಗೆ ಹೋಗ್ತಾಳಂತೆ.

ಈ ಶರ್ಯತ್ತುಗಳ ಚರಿತ್ರೆ ಕರಪತ್ರದಲ್ಲಿ ಹುಟ್ಟಿ, ಮಳೆಗೆ ಗೋಡೆಯಿಂದ ಕಳಚಿ ಹೋಗುತ್ತೆ. ನಿಮ್ಮ ಮನೆ ಟ್ರಂಕಿನಲ್ಲಿ ಹಳೇ ಕರಪತ್ರ, ಪುರಸಭೆಯ ಬಿಲ್ಲೆ, ಗೆದ್ದ ಅಜ್ಜನ ಫೋಟೋ ಇದ್ರೆ ಮೊಬೈಲಲ್ಲಿ ಒಂದು ಫೋಟೋ ತೆಗೆದು ನಮಗೆ ಕಳಿಸಿ. ಊರು, ಇಸವಿ ಬರೆಯೋದು ಮರೀಬೇಡಿ. ಮುಂದಿನ ವಾರ ಸಿಗೋಣ.